ಅಮ್ಮನ ಜೊತೆ ಜಪಾನ್: ರೀಲ್ಸ್ ಲೆಕ್ಕ ಬಿಡಿ, ಮಂಡಿ ಲೆಕ್ಕ ಹಾಕಿ

1/7 · ಮೊದಲು ನನ್ನ ಅಭಿಪ್ರಾಯ

ಜಪಾನ್‌ನಿಂದ ಬಂದ ಮೇಲೆ ಡಿಎಂ ತುಂಬಾ ಮೂರೇ ಪ್ರಶ್ನೆ. "ಎಷ್ಟಾಯ್ತು ಗುರು?" "ಜೆಆರ್ ಪಾಸ್ ತಗೋಬೇಕಾ?" "ವೆಜ್ ಸಿಗುತ್ತಾ?" ಒಬ್ಬೊಬ್ಬರಿಗೂ ಟೈಪ್ ಮಾಡಿ ಸಾಕಾಯ್ತು. ಅದಕ್ಕೆ ಏಳು ಪೋಸ್ಟ್‌ನಲ್ಲಿ ಎಲ್ಲಾ ಹಾಕ್ತಿದ್ದೀನಿ. ಸೇವ್ ಮಾಡ್ಕೊಳ್ಳಿ.

ಆದ್ರೆ ಬರೀ ಟಿಪ್ಸ್ ಕೊಟ್ಟು ಹೋಗಲ್ಲ. ಒಂದು ಮಾತು ಮೊದಲೇ ಹೇಳ್ತೀನಿ: ಟ್ರಿಪ್ ಪ್ಲಾನ್ ಮಾಡುವಾಗ ನೋಡಬೇಕಾದ ಜಾಗಗಳ ಪಟ್ಟಿಯಿಂದ ಶುರು ಮಾಡಬೇಡಿ. ನಿಮ್ಮ ಜೊತೆ ಬರೋರಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯೋರು ಯಾರು? ಊಟದಲ್ಲಿ ಎಲ್ಲರಿಗಿಂತ ಹೆಚ್ಚು ಕಟ್ಟುಪಾಡು ಇರೋರು ಯಾರು? ಅವರಿಂದ ಶುರು ಮಾಡಿ. "7 ದಿನ, 5 ನಗರ" ಅನ್ನೋ ಪ್ಲಾನ್ ಇಪ್ಪತ್ತು ವರ್ಷದ ಮಂಡಿಗೆ ಮಾಡಿದ್ದು. ನಾನು ಹೋಗಿದ್ದು 51 ವರ್ಷದ ಅಮ್ಮನ ಜೊತೆ.

ನಮ್ಮ ಚಿಕ್ಕಮ್ಮ ಟೋಕಿಯೋದ ನಿಶಿ-ಕಸಾಯಿಯಲ್ಲಿ ಇದ್ದಾರೆ. ಭಾರತದಿಂದ ಕೆಲಸಕ್ಕೆ ಹೋದ ಕುಟುಂಬಗಳು ತುಂಬಾ ಇರೋ ಏರಿಯಾ ಅದು. ಬೆಂಗಳೂರಿನಿಂದ ನರಿತಾಗೆ ನೇರ ವಿಮಾನ ಇದೆ, ಉಳಿಯೋಕೆ ಚಿಕ್ಕಮ್ಮನ ಮನೆ ಇದೆ, ಟಿಕೆಟ್‌ಗೆ ಅಮ್ಮ ಮೂರು ವರ್ಷ ಕಟ್ಟಿದ ಚೀಟಿ ದುಡ್ಡು ಇತ್ತು. ಒಂಬತ್ತು ದಿನ. ಪ್ಲಾನ್ ಮಾಡೋ ಜವಾಬ್ದಾರಿ ನನ್ನದು, ಯಾಕಂದ್ರೆ "ನೀನು ಫೋನ್‌ನಲ್ಲಿ ಎಲ್ಲಾ ನೋಡ್ತೀಯಲ್ಲ" ಅಂತ ಅಮ್ಮನ ನಂಬಿಕೆ. ನಾನು ಎರಡು ದೊಡ್ಡ ತಪ್ಪು ಮಾಡಿದೆ. ನೀವು ಮಾಡಬೇಡಿ ಅಂತಾನೇ ಈ ಸರಣಿ.

2/7 · ಪಾಸ್ ತಗೊಳ್ಳೋ ಮುಂಚೆ ಬ್ರೇಕ್-ಈವನ್

ಜೆಆರ್ ಪಾಸ್ ಅಂದ್ರೆ ವಿದೇಶದಿಂದ ಬರೋ ಪ್ರವಾಸಿಗಳಿಗೆ ಕೊಡೋ ರೈಲು ಪಾಸ್. ಒಂದು ಸಲ ತಗೊಂಡ್ರೆ ಅಷ್ಟು ದಿನ ಜೆಆರ್ ರೈಲುಗಳಲ್ಲಿ ಓಡಾಡಬಹುದು. 7 ದಿನದ ಸಾಮಾನ್ಯ ಪಾಸ್ ಮೊದಲು 29,650 ಯೆನ್ ಇತ್ತು. ಆಗ ಕಣ್ಣು ಮುಚ್ಚಿ ತಗೋಬಹುದಿತ್ತು. 2023ರ ಅಕ್ಟೋಬರ್‌ನಲ್ಲಿ ಅದು 50,000 ಯೆನ್ ಆಯ್ತು. ಹಳೇ ವೀಡಿಯೋಗಳು ಮಾತ್ರ ಇನ್ನೂ "ಮಸ್ಟ್ ಬೈ" ಅಂತಾನೇ ಕೂಗ್ತಿವೆ. ಹೋಗೋ ಮುಂಚೆ ಆ ದಿನದ ದರ ನೋಡಿ, ಆಮೇಲೆ ಪೆನ್ ಹಿಡಿರಿ.

ಲೆಕ್ಕ ಸುಲಭ ಆಗಲಿ ಅಂತ 1 ಯೆನ್‌ಗೆ 60 ಪೈಸೆ ಅಂತ ಇಟ್ಕೊಳ್ಳಿ. ಟೋಕಿಯೋದಿಂದ ಕ್ಯೋಟೋಗೆ ಶಿಂಕಾನ್ಸೆನ್ ಟಿಕೆಟ್ ಸುಮಾರು 14,000 ಯೆನ್. ಹೋಗಿ ಬರೋಕೆ 28,000. ನಮಗೆ ಬೇಕಾಗಿದ್ದು ಅಷ್ಟೇ. ಆದ್ರೆ ನಾನು ಇಬ್ಬರಿಗೂ ಪಾಸ್ ತಗೊಂಡೆ. ಒಬ್ಬರಿಗೆ 22,000 ಯೆನ್ ಜಾಸ್ತಿ, ಇಬ್ಬರಿಗೆ 44,000. ನಮ್ಮ ದುಡ್ಡಲ್ಲಿ 26,400 ರೂಪಾಯಿ!

ಇನ್ನೊಂದು ತಮಾಷೆ ಕೇಳಿ. ನಿಶಿ-ಕಸಾಯಿ ಸ್ಟೇಷನ್ ಇರೋದು ಟೋಕಿಯೋ ಮೆಟ್ರೋದ ತೋಝಾಯ್ ಲೈನ್‌ನಲ್ಲಿ. ಅದು ಜೆಆರ್ ಅಲ್ಲ. ಅಂದ್ರೆ ಚಿಕ್ಕಮ್ಮನ ಮನೆಯಿಂದ ಹೊರಗೆ ಕಾಲಿಟ್ಟ ತಕ್ಷಣ ಸಿಗೋ ರೈಲಿಗೇ ನಮ್ಮ ಪಾಸ್ ನಡೆಯಲ್ಲ. ಕ್ಯೋಟೋ, ಹಿರೋಷಿಮಾ ಕಡೆ ಹೋಗೋ ಅತಿ ವೇಗದ ನೊಜೊಮಿ ರೈಲು ಹತ್ತಬೇಕಂದ್ರೂ ಪಾಸ್ ಮೇಲೆ ಬೇರೆ ದುಡ್ಡು ಕೊಡಬೇಕು.

ಸೋ: ನಿಮ್ಮ ಊರುಗಳನ್ನ ಬರೆದು, ಒಂದೊಂದು ಟಿಕೆಟ್ ದರ ಕೂಡಿ, ಆಮೇಲೆ ಪಾಸ್ ಜೊತೆ ಹೋಲಿಸಿ. ಟೋಕಿಯೋ-ಕ್ಯೋಟೋ-ಟೋಕಿಯೋ ಮಾತ್ರ ಆದ್ರೆ ಬಿಡಿ ಟಿಕೆಟ್ ಸಾಕು. ಸ್ಮಾರ್ಟ್ ಇಎಕ್ಸ್ ಆ್ಯಪ್‌ನಲ್ಲಿ ಮುಂಚೆ ಬುಕ್ ಮಾಡಿದ್ರೆ ಕೆಲವೊಮ್ಮೆ ರಿಯಾಯಿತಿನೂ ಸಿಗುತ್ತೆ. ಬಜೆಟ್ ತೀರಾ ಕಮ್ಮಿ ಇದ್ದು, ಬರೀ ಫ್ರೆಂಡ್ಸ್ ಹೋಗ್ತಿದ್ರೆ ರಾತ್ರಿ ಬಸ್ ನೋಡಿ. ಅಮ್ಮಂದಿರಿಗೆ ಬೇಡ.

3/7 · ಸಂಕ್ ಕಾಸ್ಟ್ ಅನ್ನೋದು ಪರೀಕ್ಷೆಗೆ ಮಾತ್ರ ಅಲ್ಲ

ಕ್ಲಾಸ್‌ಮೇಟ್ಸ್, ನೆನಪಿದೆ ತಾನೇ? ಹೋದ ದುಡ್ಡು ಹೋಯ್ತು, ಮುಂದಿನ ನಿರ್ಧಾರಕ್ಕೆ ಅದನ್ನ ಸೇರಿಸಬಾರದು. ಐದು ಮಾರ್ಕ್ಸ್‌ಗೆ ಚೆನ್ನಾಗಿ ಬರೀತೀವಿ.

ಕ್ಯೋಟೋದಲ್ಲಿ ಎರಡನೇ ದಿನ ಅಮ್ಮ "ಇವತ್ತು ಇಲ್ಲೇ ಇರೋಣ, ಮಂಡಿ ಹಿಡ್ಕೊಂಡಿದೆ" ಅಂದ್ರು. ನಾನು "ಪಾಸ್ ವೇಸ್ಟ್ ಆಗುತ್ತಮ್ಮ" ಅಂದೆ. ಕ್ಯೋಟೋ-ಹಿರೋಷಿಮಾ ಹೋಗಿ ಬರೋಕೆ ಸುಮಾರು 23,000 ಯೆನ್. 28,000 ಜೊತೆ ಕೂಡಿದ್ರೆ 51,000. ಪಾಸ್ ದುಡ್ಡು ವಸೂಲಿ! ನೊಜೊಮಿಗೆ ಎಕ್ಸ್‌ಟ್ರಾ ಕೊಡಬಾರದು ಅಂತ ಮಧ್ಯದಲ್ಲಿ ರೈಲು ಬದಲಿಸಿದ್ವಿ. ಅಮ್ಮ ಮೆಟ್ಟಿಲ ಕಂಬಿ ಹಿಡ್ಕೊಂಡು ನನ್ನ ಹಿಂದೆ ಹಿಂದೆ ಬಂದ್ರು.

ಹಿರೋಷಿಮಾದ ಶಾಂತಿ ಸ್ಮಾರಕ ಮ್ಯೂಸಿಯಂನಲ್ಲಿ ಒಂದು ಕೈಗಡಿಯಾರ ಇದೆ. 1945ರ ಆಗಸ್ಟ್ 6ರ ಬೆಳಿಗ್ಗೆ 8:15ಕ್ಕೆ ಬಾಂಬ್ ಸಿಡಿದಾಗ ನಿಂತ ಗಡಿಯಾರ. ಅಮ್ಮ ಅದರ ಮುಂದೆ ನಿಂತಿದ್ರು. ನಾನು ಫೋನ್‌ನಲ್ಲಿ ವಾಪಸ್ ರೈಲಿನ ಟೈಮ್ ನೋಡ್ತಿದ್ದೆ. "ಬಾ ಅಮ್ಮ, ಲೇಟ್ ಆಗುತ್ತೆ" ಅಂತ ಕೈ ಹಿಡಿದು ಕರ್ಕೊಂಡು ಬಂದೆ. ಆ ಜಾಗದಲ್ಲಿ ಆ ಮಾತು ಆಡಿದ್ದು ನಾನು.

ಒಟ್ಟು ಲಾಭ: ತಲೆಗೆ 1,000 ಯೆನ್. 600 ರೂಪಾಯಿ. ಅದಕ್ಕೆ ಅಮ್ಮ ಮುಂದಿನ ದಿನ ಪೂರ್ತಿ ಹೋಟೆಲ್ ರೂಮಲ್ಲಿ ಮಂಡಿಗೆ ಬಿಸಿನೀರಿನ ಬಟ್ಟೆ ಹಾಕ್ಕೊಂಡು ಕೂತ್ರು.

ಹಿರೋಷಿಮಾಗೆ ಹೋಗಬೇಡಿ ಅಂತ ಹೇಳ್ತಿಲ್ಲ. ಖಂಡಿತ ಹೋಗಿ. ಆದ್ರೆ ಅದಕ್ಕಾಗಿಯೇ ಹೋಗಿ, ಒಂದು ರಾತ್ರಿ ಅಲ್ಲೇ ಉಳಿರಿ. ಪಾಸ್ ವಸೂಲಿ ಮಾಡೋಕೆ ಹೋಗೋ ಊರಲ್ಲ ಅದು.

4/7 · ರೈಲು: ಸಣ್ಣ ಸಣ್ಣ ವಿಷಯ, ದೊಡ್ಡ ಉಪಯೋಗ

🚆 ಊರೊಳಗಿನ ಓಡಾಟಕ್ಕೆ ಸುಯಿಕಾ ಅಥವಾ ಪಾಸ್ಮೋ ಕಾರ್ಡ್ ಸಾಕು. ನಮ್ಮ ಮೆಟ್ರೋ ಕಾರ್ಡ್ ತರಾನೇ, ಆದ್ರೆ ಬೇರೆ ಬೇರೆ ಕಂಪನಿಗಳ ರೈಲು, ಬಸ್ಸು, ಅಂಗಡಿ, ಲಾಕರ್ ಎಲ್ಲಕ್ಕೂ ನಡೆಯುತ್ತೆ. ಸ್ಟೇಷನ್ ಮಷಿನ್‌ನಲ್ಲಿ ನಗದು ಹಾಕಿ ಚಾರ್ಜ್ ಮಾಡಿ. ನಗದು ಬೇಕಂದ್ರೆ ಸೆವೆನ್-ಇಲೆವೆನ್ ಅಂಗಡಿಗಳ ಎಟಿಎಂ ವಿದೇಶಿ ಕಾರ್ಡ್ ತಗೊಳ್ಳುತ್ತೆ.

🚆 ಬ್ಯಾಲೆನ್ಸ್ ಕಮ್ಮಿ ಆಗಿ ಗೇಟ್ ಮುಚ್ಚಿಕೊಂಡ್ರೆ ಗಾಬರಿ ಬೇಡ. ಗೇಟ್ ಒಳಗೇ ದರ ಹೊಂದಿಸೋ ಮಷಿನ್ ಇರುತ್ತೆ. ಬಾಕಿ ಕಟ್ಟಿ ಹೊರಗೆ ಬನ್ನಿ, ದಂಡ ಇಲ್ಲ.

🚆 ಟೋಕಿಯೋದಲ್ಲಿ ಸುಯಿಕಾ ತಟ್ಟಿ ರೈಲು ಹತ್ತಿ ಕ್ಯೋಟೋದಲ್ಲಿ ತಟ್ಟಿ ಇಳಿಯೋಕೆ ಆಗಲ್ಲ. ಶಿಂಕಾನ್ಸೆನ್‌ಗೆ ಟಿಕೆಟ್ ಬೇರೆ.

🚆 ಟೋಕಿಯೋದಿಂದ ಕ್ಯೋಟೋ ಕಡೆ ಹೋಗುವಾಗ ಬಲಗಡೆಯ ಇ ಸೀಟ್ ಕೇಳಿ. ಮೋಡ ಇಲ್ಲದ ದಿನ ಮುಕ್ಕಾಲು ಗಂಟೆ ಆಸುಪಾಸಲ್ಲಿ ಫುಜಿ ಪರ್ವತ ಕಾಣುತ್ತೆ.

🚆 ಸೂಟ್‌ಕೇಸಿನ ಉದ್ದ, ಅಗಲ, ಎತ್ತರ ಕೂಡಿ 160 ಸೆಂ.ಮೀ. ದಾಟಿದ್ರೆ ಈ ಲೈನ್‌ನಲ್ಲಿ ಲಗೇಜ್ ಜಾಗ ಇರೋ ಸೀಟನ್ನೇ ಮುಂಚೆ ಬುಕ್ ಮಾಡಿ. ಅದಕ್ಕೆ ಬೇರೆ ದುಡ್ಡಿಲ್ಲ. ಮಾಡದೇ ಹತ್ತಿದ್ರೆ 1,000 ಯೆನ್. ಇದಕ್ಕಿಂತ ಒಳ್ಳೇದು ತಕ್ಕ್ಯೂಬಿನ್: ದೊಡ್ಡ ಪೆಟ್ಟಿಗೆಯನ್ನ ಅಂಗಡಿ ಅಥವಾ ಹೋಟೆಲ್‌ನಲ್ಲಿ ಕೊಟ್ರೆ ಸಾಮಾನ್ಯವಾಗಿ ಮರುದಿನ ಕ್ಯೋಟೋ ಹೋಟೆಲ್‌ಗೆ ಬಂದಿರುತ್ತೆ. ವಯಸ್ಸಾದವರ ಜೊತೆ ಹೋಗೋರು ಇದಕ್ಕೆ ಜಿಪುಣತನ ಮಾಡಬೇಡಿ.

🚆 ಲಿಫ್ಟ್ ಎಲ್ಲಾ ಎಕ್ಸಿಟ್‌ನಲ್ಲೂ ಇರಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ವೀಲ್‌ಚೇರ್ ದಾರಿ ಆಯ್ಕೆ ಮಾಡಿ, ಮೆಟ್ಟಿಲಿಲ್ಲದ ದಾರಿ ತೋರಿಸುತ್ತೆ. ಇದು ನನಗೆ ಗೊತ್ತಾಗಿದ್ದು ಎಂಟನೇ ದಿನ.

🚆 ರೈಲಲ್ಲಿ ಫೋನ್ ಸೈಲೆಂಟ್, ಮಾತಾಡೋ ಹಾಗಿಲ್ಲ, ಬ್ಯಾಗ್ ಎದೆ ಕಡೆ. ನಮ್ಮ ಮೆಟ್ರೋದಲ್ಲಿ ಸ್ಪೀಕರ್ ಆನ್ ಮಾಡಿ ರೀಲ್ಸ್ ನೋಡೋ ಅಂಕಲ್‌ಗಳನ್ನ ನೆನೆಸಿಕೊಂಡು ನಕ್ಕೆ. ಆಮೇಲೆ ನನ್ನದೇ ಫೋನ್ ರಿಂಗ್ ಆಯ್ತು 🙃

🚆 ನಡುರಾತ್ರಿ ಆಸುಪಾಸಲ್ಲಿ ಕೊನೇ ರೈಲು. ಮಿಸ್ ಆದ್ರೆ ಟ್ಯಾಕ್ಸಿ, ಅದು ಜೇಬು ಸುಡುತ್ತೆ.

5/7 · ಆ ಉದೊನ್

ಹಿರೋಷಿಮಾದಿಂದ ಕ್ಯೋಟೋಗೆ ವಾಪಸ್ ಬಂದಾಗ ರಾತ್ರಿ. ಅಮ್ಮನಿಗೆ ಹಸಿವು, ಕಾಲು ನೋವು. ಕಣ್ಣಿಗೆ ಬಿದ್ದ ಮೊದಲ ಅಂಗಡಿಗೆ ನುಗ್ಗಿದ್ವಿ. ಚಿತ್ರದಲ್ಲಿ ದಪ್ಪ ಶಾವಿಗೆ, ಮೇಲೆ ಕರಿದ ಟೋಫು, ಈರುಳ್ಳಿ ಸೊಪ್ಪು. "ನೋ ಮೀಟ್?" ಅಂದೆ. ಅವರು ತಲೆ ಆಡಿಸಿದ್ರು. ಸುಳ್ಳಲ್ಲ, ಅದರಲ್ಲಿ ಮಾಂಸ ಇರಲಿಲ್ಲ. ಅಮ್ಮ ಬಟ್ಟಲು ಎತ್ತಿ ಸಾರು ಪೂರ್ತಿ ಕುಡಿದು, "ಎಷ್ಟು ಹಿತವಾಗಿದೆ" ಅಂದ್ರು.

ರಾತ್ರಿ ಚಿಕ್ಕಮ್ಮನಿಗೆ ಫೋನ್ ಮಾಡಿದಾಗ ಹೇಳಿದ್ರು: "ಆ ಸಾರು ಮಾಡೋದೇ ಮೀನಿನಿಂದ."

ಅದರ ಹೆಸರು ದಾಶಿ. ಒಣಗಿಸಿ, ಹೊಗೆ ಹಾಕಿ, ತೆಳ್ಳಗೆ ಹೆರೆದ ಕತ್ಸುವೊ ಮೀನು ಮತ್ತು ಕೊಂಬು ಅನ್ನೋ ಕಡಲಪಾಚಿಯಿಂದ ತೆಗೆಯೋ ರಸ. ನಮಗೆ ಒಗ್ಗರಣೆ ಹೇಗೋ ಅವರಿಗೆ ಅದು ಹಾಗೆ. ಉದೊನ್, ಸೋಬಾ, ಮಿಸೋ ಸೂಪ್, ಬೇಯಿಸಿದ ತರಕಾರಿ, ಎಲ್ಲದರಲ್ಲೂ ಇರಬಹುದು. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸಕ್ಕೆ ನಿಷೇಧ ಹಾಕಿದಾಗಲೂ ಮೀನು ಆ ಪಟ್ಟಿಯಲ್ಲಿ ಇರಲಿಲ್ಲ. "ಮಾಂಸ ಇಲ್ಲ" ಅಂದ್ರೆ "ಮೀನು ಇಲ್ಲ" ಅಂತ ಅರ್ಥ ಅಲ್ಲ. ಅಂಗಡಿಯವರದ್ದೇನೂ ತಪ್ಪಿಲ್ಲ. ಪ್ರಶ್ನೆ ಕೇಳಿದ ನನ್ನದು ತಪ್ಪು.

ಅಮ್ಮ ಹುಟ್ಟಿದಾಗಿಂದ ಮೀನು ಮುಟ್ಟಿದವರಲ್ಲ. ಹೇಳಲಾ ಬೇಡ್ವಾ ಅಂತ ಇಡೀ ರಾತ್ರಿ ಒದ್ದಾಡಿ ಬೆಳಿಗ್ಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಗೊತ್ತಿಲ್ಲದೆ ತಿಂದಿದ್ದು ದೇವರಿಗೆ ಬಿಟ್ಟೆ. ನೀನು ಹೇಳದೇ ಇದ್ದಿದ್ರೆ ಅದು ಬೇರೆ ಆಗ್ತಿತ್ತು" ಅಂದ್ರು. ಆವತ್ತು ಬಾಳೆಹಣ್ಣು ಬಿಟ್ಟು ಬೇರೇನೂ ತಿನ್ನಲಿಲ್ಲ.

6/7 · ಹಾಗಾದ್ರೆ ಏನು ತಿನ್ನೋದು?

ಎರಡು ವಾಕ್ಯ ಬಾಯಿಪಾಠ ಮಾಡಿ, ಅದರ ಜಪಾನಿ ಬರಹವನ್ನ ಫೋನ್‌ನಲ್ಲೂ ಇಟ್ಕೊಳ್ಳಿ.
"ನಿಕು ಮೋ ಸಕಾನಾ ಮೋ ತಬೆಮಾಸೆನ್": ಮಾಂಸಾನೂ ತಿನ್ನಲ್ಲ, ಮೀನೂ ತಿನ್ನಲ್ಲ.
"ಕತ್ಸುವೊ ದಾಶಿ ವ ಹಾಯಿತ್ತೆ ಇಮಾಸ್ ಕಾ?": ಇದರಲ್ಲಿ ಕತ್ಸುವೊ ದಾಶಿ ಇದೆಯಾ?

ಅವರು "ಇದೆ" ಅಂದ್ರೆ ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ. "ತೆಗೆದು ಕೊಡಿ" ಅಂತ ಹಠ ಬೇಡ. ಸಾರು ಬೆಳಿಗ್ಗೆಯೇ ಕುದಿದಿರುತ್ತೆ, ತೆಗೆಯೋಕೆ ಆಗಲ್ಲ.

🍙 ಟೋಕಿಯೋ ಸ್ಟೇಷನ್ ಗೇಟ್ ಒಳಗೆ ಟೀಸ್ ತಾನ್‌ತಾನ್ ಅಂತ ಪೂರ್ತಿ ವೀಗನ್ ರಾಮೆನ್ ಅಂಗಡಿ ಇದೆ. ಅಮ್ಮ ಭಯ ಇಲ್ಲದೆ ಸಾರು ಕುಡಿದ ಜಾಗ.

🍙 ಬೌದ್ಧ ಮಠಗಳ ಅಡುಗೆಗೆ ಶೋಜಿನ್ ರ್ಯೋರಿ ಅಂತಾರೆ. ಮಾಂಸ, ಮೀನು, ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ರಸಕ್ಕೆ ಕೊಂಬು, ಅಣಬೆ. ಕ್ಯೋಟೋದ ತೆನ್‌ರ್ಯೂಜಿ ದೇವಾಲಯದಲ್ಲಿ ಶಿಗೆತ್ಸು ಅಂತ ಇದೆ. ಅಗ್ಗ ಅಲ್ಲ. ಆದ್ರೆ ಪಾಸ್‌ಗೆ ಸುರಿದ ದುಡ್ಡಲ್ಲಿ ಎಷ್ಟು ಸಲ ಅಲ್ಲಿ ಉಣ್ಣಬಹುದಿತ್ತು ಅಂತ ಲೆಕ್ಕ ಹಾಕಿ ಹೊಟ್ಟೆ ಉರ್ಕೊಂಡೆ.

🍙 ಕೊನ್‌ಬಿನಿ, ಅಂದ್ರೆ ಬೀದಿಗೊಂದರಂತೆ ಇರೋ 24 ಗಂಟೆ ಅಂಗಡಿಗಳಲ್ಲಿ, ಬರೀ ಉಪ್ಪಿನ ಅನ್ನದ ಉಂಡೆ, ಹಣ್ಣು, ಸುಟ್ಟ ಗೆಣಸು ಹುಡುಕಿ. ಉಳಿದದ್ದಕ್ಕೆ ಕ್ಯಾಮೆರಾ ಅನುವಾದ ಹಿಡಿದು ಲೇಬಲ್ ಓದಿ.

🍙 ದೈಫುಕು ಅಂತ ಅಕ್ಕಿ ಹಿಟ್ಟಿನ ಸಿಹಿ, ಒಳಗೆ ಅಜುಕಿ ಕಾಳಿನ ಹೂರಣ. ಅಮ್ಮ ಕಚ್ಚಿ ನೋಡಿ, "ಇದು ನಮ್ಮ ಕಡುಬಿನ ನೆಂಟ" ಅಂದ್ರು.

🍙 ರೈಲಲ್ಲಿ ಬುತ್ತಿ ತಿನ್ನೋದು ಶಿಂಕಾನ್ಸೆನ್‌ನಲ್ಲಿ ಸರಿ, ಸಿಟಿ ರೈಲಲ್ಲಿ ಬೇಡ. ಟೋಕಿಯೋ-ಒಸಾಕಾ ಮಾರ್ಗದ ಸಾಮಾನ್ಯ ಬೋಗಿಗಳಲ್ಲಿ ತಿಂಡಿ ಗಾಡಿ 2023ರಲ್ಲೇ ನಿಂತಿದೆ, ಹತ್ತೋ ಮುಂಚೆ ತಗೊಳ್ಳಿ. ಬೀದಿಯಲ್ಲಿ ಕಸದ ಬುಟ್ಟಿ ಅಪರೂಪ, ಒಂದು ಖಾಲಿ ಕವರ್ ಬ್ಯಾಗಲ್ಲಿ ಇರಲಿ. ಟಿಪ್ಸ್ ಕೊಡೋ ಪದ್ಧತಿ ಇಲ್ಲ.

7/7 · "ಮೀನಿನ ನೀರು ತಾನೇ?"

ಊರಿಗೆ ಬಂದು ಈ ಕಥೆ ಹೇಳಿದಾಗ ಫ್ರೆಂಡ್ಸ್ ಎರಡು ಪಾರ್ಟಿ ಆದ್ರು. ಒಂದು ಪಾರ್ಟಿ: "ಮೀನಿನ ನೀರು ತಾನೇ, ಸುಮ್ಮನೆ ಇದ್ದಿದ್ರೆ ಗೊತ್ತೇ ಆಗ್ತಿರಲಿಲ್ಲ." ಇನ್ನೊಂದು: "ಅದಕ್ಕೇ ಹೇಳೋದು, ಪುಳಿಯೋಗರೆ ಪ್ಯಾಕೆಟ್ ಹೊತ್ಕೊಂಡು ಹೋಗಬೇಕು, ಹೊರಗೆ ಏನೂ ಮುಟ್ಟಬಾರದು."

ನನಗೆ ಎರಡೂ ಒಪ್ಪಿಗೆ ಇಲ್ಲ. ನಾನೇ ಹೊರಗೆ ಚಿಕನ್ ತಿಂತೀನಿ, ಮಡಿ ಮೈಲಿಗೆ ಮಾತಾಡೋಕೆ ಬಂದಿಲ್ಲ. ಅಮ್ಮನ ತಟ್ಟೆಯಲ್ಲಿ ಏನಿರಬೇಕು ಅಂತ ತೀರ್ಮಾನ ಮಾಡೋದು ಅಮ್ಮ. ಭಾಷೆ ಬರದ ಊರಲ್ಲಿ ಅವರು ಆ ತೀರ್ಮಾನವನ್ನ ನನ್ನ ಕೈಯಲ್ಲಿಟ್ಟಿದ್ರು. ಮ್ಯಾಪ್ ನನ್ನ ಹತ್ರ, ಕಾರ್ಡ್ ನನ್ನ ಹತ್ರ, ಮಾತೂ ನನ್ನದೇ. ಹಾಗಿರುವಾಗ "ಗೊತ್ತಿರಲಿಲ್ಲ" ಅನ್ನೋದು ನೆಪ ಆಗುತ್ತೆ. ಹತ್ತು ನಿಮಿಷ ಓದಿದ್ರೆ ಗೊತ್ತಾಗ್ತಿತ್ತು. ಆ ಹತ್ತು ನಿಮಿಷ ನಾನು ಫೋಟೋ ಸ್ಪಾಟ್ ಹುಡುಕೋಕೆ ಕೊಟ್ಟಿದ್ದೆ. ಮತ್ತೆ, ಎಲ್ಲಾ ಪ್ಯಾಕೆಟ್ ಹೊತ್ಕೊಂಡು ಹೋಗಿದ್ರೆ ಆ ದೈಫುಕು ಅಮ್ಮನಿಗೆ ಸಿಗ್ತಾನೇ ಇರಲಿಲ್ಲ.

ಕೊನೇ ದಿನ ಯಾವ ಪ್ಲಾನೂ ಮಾಡಲಿಲ್ಲ. ನಿಶಿ-ಕಸಾಯಿಯ ಪಾರ್ಕ್ ಬೆಂಚ್ ಮೇಲೆ ಚಿಕ್ಕಮ್ಮ, ಅಮ್ಮ ಎರಡು ಗಂಟೆ ಕೂತು ಊರಿನ ಸುದ್ದಿ ಮಾತಾಡಿದ್ರು. ಪಕ್ಕದಲ್ಲಿ ಮಕ್ಕಳು ಸೈಕಲ್ ಹೊಡೀತಿದ್ರು. ಟ್ರಿಪ್‌ನಲ್ಲಿ ಯಾವುದು ಇಷ್ಟ ಆಯ್ತು ಅಂತ ಕೇಳಿದ್ರೆ ಅಮ್ಮ ಇವತ್ತಿಗೂ ಹೇಳೋದು ಅದನ್ನೇ. ಖರ್ಚು ಸೊನ್ನೆ ಯೆನ್.

ನೀವು ಯಾರ ಜೊತೆ ಹೋಗ್ತಿದ್ದೀರಾ? ಅವರು ಎಷ್ಟು ನಡೀತಾರೆ, ಏನು ತಿನ್ನಲ್ಲ? ಕಾಮೆಂಟ್‌ನಲ್ಲಿ ಹಾಕಿ, ಜೊತೆಗೆ ಊರುಗಳ ಹೆಸರೂ ಬರೀರಿ. ಪಾಸ್ ಬೇಕಾ ಬೇಡ್ವಾ ಅಂತ ಒಟ್ಟಿಗೆ ಲೆಕ್ಕ ಹಾಕೋಣ. ಅದೊಂದು ಈಗ ನನಗೆ ಚೆನ್ನಾಗಿ ಬರುತ್ತೆ.

#ಜಪಾನ್ #ಕನ್ನಡದಲ್ಲಿಪ್ರವಾಸ #ಅಮ್ಮನಜೊತೆ #ಬಿಕಾಂಲೆಕ್ಕ