ಪರದೇಶದ ಪಾಸ್‌ಪೋರ್ಟು, ಅಜ್ಜನ ಮನೆಯ ಹೊಸ್ತಿಲು



ರೋಣ ತಾಲ್ಲೂಕಿನ ಬೆಳವಣಕಿಯಿಂದ ಹಿರಿಯರೊಬ್ಬರು ಈ ಅಂಕಣಕ್ಕೆ ಪತ್ರ ಬರೆದು ಒಂದು ಸಂಶಯವನ್ನು ಮುಂದಿಟ್ಟಿದ್ದಾರೆ. ಅವರ ಮಗ ಅಮೆರಿಕದಲ್ಲಿ ಅಭಿಯಂತರ; ಅಲ್ಲಿಯ ಪೌರತ್ವವನ್ನು ಪಡೆದು ಕೆಲವು ವರ್ಷಗಳಾಗಿವೆ. ಮೊಮ್ಮಗ ಹುಟ್ಟಿದ್ದೇ ಅಲ್ಲಿ. ಬರುವ ಶ್ರಾವಣದಲ್ಲಿ ಮಗುವನ್ನು ಊರಿಗೆ ಕರೆಯಿಸಿ ಸ್ವಾಮಿಗಳ ಹಸ್ತದಿಂದ ಲಿಂಗಧಾರಣೆ ಮಾಡಿಸಬೇಕೆಂಬುದು ಮನೆಯವರ ಸಂಕಲ್ಪ. ಆದರೆ ಮಗುವಿನ ಕಾಗದಪತ್ರ ಇನ್ನೂ ಆಗಿಲ್ಲವೆಂದು ಮಗ ಫೋನಿನಲ್ಲಿ ತಿಳಿಸಿದನಂತೆ. "ನಮ್ಮ ಮೊಮ್ಮಗ ನಮ್ಮ ಮನಿಗೆ ಬರಾಕ ಸರಕಾರದ ಅಪ್ಪಣಿ ಬೇಕೇನ್ರೀ?" ಎಂದು ಹಿರಿಯರು ಕೇಳಿದ್ದಾರೆ.

ಬೇಕು. ಉತ್ತರವು ಒಂದೇ ಪದದ್ದಾದರೂ ಅದರ ಹಿಂದಿನ ವಿಷಯ ವಿಸ್ತಾರವಾದುದು. ಮೇಲಾಗಿ ಇದು ಒಂದು ಮನೆಯ ಪ್ರಶ್ನೆಯೂ ಅಲ್ಲ. ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜು, ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಕಡಲು ದಾಟಿದ ನಮ್ಮ ಭಾಗದ ತರುಣರ ಸಂಖ್ಯೆ ಸಣ್ಣದಲ್ಲ. ಅವರ ಮಕ್ಕಳು ಇಂದು ಅಜ್ಜ-ಅಮ್ಮಂದಿರನ್ನು ಕಾಣಲು ಬರುವ ವಯಸ್ಸಿನವರಾಗಿದ್ದಾರೆ. ನಮ್ಮ ಕಡೆಯ ಮಾತಿನಲ್ಲಿ 'ಪರದೇಶಿ' ಎಂದರೆ ದಿಕ್ಕುದೆಸೆ ಇಲ್ಲದವನು. ಎರಡು ಕಡೆಯೂ ಹಿರಿಯರಿರುವ ಮಗುವನ್ನು ಹಾಗೆ ಕರೆದರೆ ಯಾವ ಅಜ್ಜಿಯೂ ಸಹಿಸಲಾರಳು. ಆದರೆ ವಿಮಾನ ನಿಲ್ದಾಣದ ಅಧಿಕಾರಿಗೆ ಮನೆತನ ಕಾಣಿಸದು, ಕೈಯಲ್ಲಿರುವ ಪಾಸ್‌ಪೋರ್ಟು ಮಾತ್ರ ಕಾಣಿಸುತ್ತದೆ.

ಕಾಯ್ದೆಯ ಸ್ಥಿತಿ ಹೀಗಿದೆ. ನಮ್ಮ ದೇಶ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೆಯ ಕಲಮಿನಂತೆ, ಸ್ವಇಚ್ಛೆಯಿಂದ ಬೇರೊಂದು ರಾಷ್ಟ್ರದ ಪೌರತ್ವ ಪಡೆದವನು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ. ಆತ ತನ್ನ ಭಾರತೀಯ ಪಾಸ್‌ಪೋರ್ಟನ್ನು ಅಲ್ಲಿಯ ನಮ್ಮ ರಾಯಭಾರ ಕಚೇರಿಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯತಕ್ಕದ್ದು. "ಅವಧಿ ಇನ್ನೂ ಇದೆಯಲ್ಲ" ಎಂದು ಹಳೆಯ ಪಾಸ್‌ಪೋರ್ಟಿನ ಮೇಲೆಯೇ ಊರಿಗೆ ಬಂದುಹೋಗುವುದು ಅಪರಾಧ, ದಂಡ ತೆರಬೇಕಾದೀತು. ಮಗುವಿನ ಮಾತು ಬೇರೆ. ತಂದೆ ತಾಯಿ ಇಬ್ಬರೂ ಭಾರತದ ಪ್ರಜೆಗಳೇ ಆಗಿದ್ದು ಮಗು ಹೊರದೇಶದಲ್ಲಿ ಹುಟ್ಟಿದರೆ, ಒಂದು ವರ್ಷದೊಳಗೆ ರಾಯಭಾರ ಕಚೇರಿಯಲ್ಲಿ ಜನನವನ್ನು ನೋಂದಾಯಿಸಿ ಅದನ್ನು ಭಾರತದ ಪ್ರಜೆಯನ್ನಾಗಿಯೇ ಉಳಿಸಿಕೊಳ್ಳಲು ಅವಕಾಶವುಂಟು. ಆದರೆ ಆ ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟು ಇಲ್ಲವೆಂದು ತಂದೆ ತಾಯಿ ಬರೆದುಕೊಡಬೇಕು. ಅಮೆರಿಕದ ಪಾಸ್‌ಪೋರ್ಟು ಮಾಡಿಸಿದ ಮೇಲೆ ಈ ದಾರಿ ಮುಚ್ಚಿತು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮವರಿಗೆ ಈ ತೊಡಕು ಸಾಮಾನ್ಯವಾಗಿ ಇಲ್ಲ, ಏಕೆಂದರೆ ಅವರ ಮಕ್ಕಳು ಅಲ್ಲಿ ಹುಟ್ಟಿದರೂ ಭಾರತೀಯ ಪಾಸ್‌ಪೋರ್ಟಿನಲ್ಲಿಯೇ ಇರುತ್ತಾರೆ.

ಹಾಗಾದರೆ ಬೆಳವಣಕಿಯ ಮೊಮ್ಮಗ ಬರುವುದು ಹೇಗೆ? ಒಂದು ಬಾರಿಯ ಭೇಟಿಗೆ ಗಣಕಯಂತ್ರದ ಮೂಲಕವೇ ದೊರೆಯುವ ಇ-ವೀಸಾ ಇದೆ. ಪಾಸ್‌ಪೋರ್ಟಿಗೆ ಬರುವ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಬರುವುದಕ್ಕೆ ನಾಲ್ಕು ದಿನ ಮೊದಲಾದರೂ ಅರ್ಜಿ ಹಾಕಿರಬೇಕು. ಭಾರತೀಯ ಮೂಲದವರಿಗೆಂದು ರಾಯಭಾರ ಕಚೇರಿ ಕೊಡುವ ಪ್ರವೇಶ ವೀಸಾ ಎಂಬುದೂ ಒಂದಿದೆ. ವೀಸಾದ ಮೇಲೆ ಬರುವವರು 2025ರ ಅಕ್ಟೋಬರ್ 1ರಿಂದ ಆಗಮನದ ಚೀಟಿಯನ್ನೂ ಮುಂಚಿತವಾಗಿ ಗಣಕಯಂತ್ರದಲ್ಲಿಯೇ ತುಂಬಬೇಕಾಗಿದೆ. ಆದರೆ ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಅಜ್ಜನ ಮನೆಗೆ ಬರಬೇಕಾದ ಮಗುವಿಗೆ ತಕ್ಕುದೆಂದರೆ ಓಸಿಐ ಕಾರ್ಡು, ಅಂದರೆ 'ಸಾಗರೋತ್ತರ ಭಾರತೀಯ ನಾಗರಿಕ' ಎಂಬ ನೋಂದಣಿ. ಇದು ಆಯುಷ್ಯಪರ್ಯಂತದ ವೀಸಾ. ಎಷ್ಟು ಸಲ ಬಂದರೂ, ಎಷ್ಟು ಕಾಲ ನಿಂತರೂ ಪರದೇಶೀಯರ ನೋಂದಣಿ ಕಚೇರಿಗೆ ಹೋಗಿ ಹೆಸರು ಬರೆಯಿಸುವ ಕಾರಣವಿಲ್ಲ. ಮೊದಲ ಬಾರಿಗೆ ಅಮೆರಿಕದಲ್ಲಿ ಅರ್ಜಿ ಹಾಕುವವರಿಗೆ ಶುಲ್ಕ 275 ಡಾಲರು.

ಈ ಸೌಕರ್ಯ ಒಮ್ಮೆಲೇ ಬಂದುದಲ್ಲ. 1999ರಲ್ಲಿ ಭಾರತೀಯ ಮೂಲದವರಿಗಾಗಿ ಪಿಐಓ ಕಾರ್ಡು ಬಂದಿತು. ಆಗ ಅದರ ಶುಲ್ಕ ಒಂದು ಸಾವಿರ ಡಾಲರು. ಅಷ್ಟು ಕೊಟ್ಟು ಯಾರು ಕೊಂಡಾರು? 2002ರಲ್ಲಿ ಶುಲ್ಕವನ್ನು ಇಳಿಸಬೇಕಾಯಿತು. ಅದೇ ವರ್ಷ ಎಲ್. ಎಂ. ಸಿಂಘ್ವಿಯವರ ಅಧ್ಯಕ್ಷತೆಯ ಉನ್ನತ ಸಮಿತಿ ಅನಿವಾಸಿಗಳಿಗೆ ಇಬ್ಬಗೆಯ ಪೌರತ್ವ ಕೊಡಬಹುದೆಂದು ವರದಿ ನೀಡಿತು. ಬಂದದ್ದು ಮಾತ್ರ ಪೌರತ್ವವಲ್ಲ, 2005ರ ತಿದ್ದುಪಡಿಯ ಮೂಲಕ ಈ ಓಸಿಐ. ಹೆಸರಿನಲ್ಲಿ 'ನಾಗರಿಕ' ಎಂದಿದ್ದರೂ ಮತದಾನವಿಲ್ಲ, ಸರಕಾರಿ ನೌಕರಿಯಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಇಷ್ಟು ಭಾರವಾದ ಹೆಸರನ್ನು ಇಡದೆ 'ಜೀವಿತಾವಧಿಯ ವೀಸಾ' ಎಂದೇ ಕರೆದಿದ್ದರೆ ಎಷ್ಟೋ ಗೊಂದಲ ತಪ್ಪುತ್ತಿತ್ತೆಂದು ನನಗೆ ಅನ್ನಿಸುತ್ತದೆ. 2015ರ ಜನವರಿ 9ರಂದು ಪಿಐಓ ಕಾರ್ಡನ್ನು ಓಸಿಐಯಲ್ಲಿ ವಿಲೀನಗೊಳಿಸಲಾಯಿತು. ಹಳೆಯ ಪಿಐಓ ಕಾರ್ಡು ಪೆಟ್ಟಿಗೆಯಲ್ಲಿದೆ ಎಂದು ನಂಬಿ ಯಾರೂ ಟಿಕೆಟು ಕೊಳ್ಳಬಾರದು.

ಲಿಂಗಧಾರಣೆಗೆ ಮುಹೂರ್ತವನ್ನು ಮುಂದಕ್ಕೆ ಹಾಕಬಹುದು. ಮುಂದಕ್ಕೆ ಹಾಕಲಾಗದ ಕಾರ್ಯವೊಂದಿದೆ. ಈ ಲೇಖನವನ್ನು ಬರೆಯಲು ಮುಖ್ಯ ಕಾರಣವೂ ಅದೇ. ನಮ್ಮ ಸಂಪ್ರದಾಯದಲ್ಲಿ ಹಿರಿಯರು ಲಿಂಗೈಕ್ಯರಾದರೆ ಅಂದೇ ಅಥವಾ ಮರುದಿನವೇ ಕ್ರಿಯಾಸಮಾಧಿ ನಡೆಯುತ್ತದೆ. ಅಮೆರಿಕದಿಂದ ಹೊರಟವನು ಬೆಂಗಳೂರಿಗೆ ಇಳಿಯಲು ಒಂದು ಹಗಲು ಒಂದು ಇರುಳು ಬೇಕು. ಅಲ್ಲಿಂದ ಗದಗಕ್ಕೆ ಮತ್ತೆ ನಾನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ಎಲ್ಲ ಕಾಗದ ಕೈಯಲ್ಲಿದ್ದವನೂ ಮುಖದರ್ಶನಕ್ಕೆ ಒದಗುವುದು ಕಷ್ಟ. ಮನೆಯವರು ಶೀತಪೆಟ್ಟಿಗೆ ತರಿಸಿ ಒಂದು ದಿನ ಕಾದಾರು, ಎರಡು ದಿನ ಕಾದಾರು. ಕಾಗದವೇ ಇಲ್ಲದವನಿಗೆ ಇ-ವೀಸಾದ ನಾಲ್ಕು ದಿನಗಳ ಲೆಕ್ಕ ಅಲ್ಲಿ ಉಪಯೋಗಕ್ಕೆ ಬಾರದು. ನಿಕಟ ಬಂಧುಗಳ ಮರಣ ಅಥವಾ ತೀವ್ರ ಕಾಯಿಲೆಯ ಸಂದರ್ಭದಲ್ಲಿ ರಾಯಭಾರ ಕಚೇರಿಗಳು ತುರ್ತು ವೀಸಾ ಕೊಡುವುದುಂಟು. ಅದಕ್ಕೂ ಆಸ್ಪತ್ರೆಯ ಪತ್ರ ಅಥವಾ ಮರಣದ ದಾಖಲೆ, ಸಂಬಂಧದ ಪುರಾವೆ, ಹಳೆಯ ಭಾರತೀಯ ಪಾಸ್‌ಪೋರ್ಟನ್ನು ಒಪ್ಪಿಸಿದ ಪ್ರಮಾಣಪತ್ರ ಎಲ್ಲವನ್ನೂ ಜೋಡಿಸಬೇಕು; ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ. ದುಃಖದ ಮನೆಯಲ್ಲಿ ಆ ಪತ್ರಗಳನ್ನು ಹುಡುಕಿ ಕಳಿಸುವವರು ಯಾರು? ಮಗನಿಗೆ ಕಾರ್ಡಿದ್ದು ಮಗುವಿಗೆ ಇಲ್ಲದಿದ್ದರೆ ಮತ್ತೊಂದು ಸಂಕಟ: ಸೊಸೆ ಮಗುವಿನೊಡನೆ ಅಲ್ಲಿಯೇ ಉಳಿಯುತ್ತಾಳೆ, ಮಗ ಒಬ್ಬನೇ ಬಂದು ಮಣ್ಣು ಕೊಟ್ಟು ಹೋಗುತ್ತಾನೆ.

ಕಾರ್ಡು ಇದ್ದರೂ ಬಾಗಿಲು ಮುಚ್ಚಿದ ಕಾಲವೊಂದನ್ನು ನಾವು ಕಂಡಿದ್ದೇವೆ. 2020ರ ಮಾರ್ಚ್ 13ರಿಂದ, ಕೋವಿಡ್ ಕಾರಣವಾಗಿ, ವೀಸಾಗಳೊಡನೆ ಓಸಿಐ ಸೌಲಭ್ಯವನ್ನೂ ತಡೆಹಿಡಿಯಲಾಯಿತು. ಮೇ ತಿಂಗಳಲ್ಲಿ ವಂದೇ ಭಾರತ್ ವಿಮಾನಗಳು ಆರಂಭವಾದಾಗ, ತಂದೆ ತಾಯಿ ಭಾರತದ ಪ್ರಜೆಗಳಾದುದರಿಂದ ಹತ್ತಬಹುದು, ಅಮೆರಿಕದಲ್ಲಿ ಹುಟ್ಟಿದ ಹಸುಗೂಸು ಹತ್ತುವಂತಿಲ್ಲ ಎಂಬ ವಿಚಿತ್ರ ಸ್ಥಿತಿ ಒದಗಿತು. ಮೇ 22ರಂದು, ಭಾರತೀಯ ಪ್ರಜೆಗಳ ಅಪ್ರಾಪ್ತ ಮಕ್ಕಳು, ಮನೆಯಲ್ಲಿ ಸಾವಿನಂತಹ ತುರ್ತು ಒದಗಿದವರು ಮುಂತಾದ ಕೆಲವರಿಗೆ ವಿನಾಯಿತಿ ದೊರೆಯಿತು. ಉಳಿದ ಓಸಿಐದವರಿಗೆಲ್ಲ ಬಾಗಿಲು ತೆರೆದದ್ದು ಅಕ್ಟೋಬರಿನಲ್ಲಿ. ಆ ವಿನಾಯಿತಿಯೂ ಕಾರ್ಡು ಇದ್ದವರಿಗೇ ಹೊರತು ಇಲ್ಲದವರಿಗಲ್ಲ.

ಇನ್ನು ಅರ್ಜಿಯ ಮಾತು. ಅರ್ಜಿ ಹಾಕುವವರು ಅಲ್ಲಿಯ ಮಕ್ಕಳಾದರೂ ಅದು ನಿಲ್ಲುವುದು ಇಲ್ಲಿಯ ಕಾಗದಗಳ ಮೇಲೆ. ಮಗುವಿನ ಜನನಪತ್ರ ಮತ್ತು ಪಾಸ್‌ಪೋರ್ಟು ಅಲ್ಲಿಯವು. ಆದರೆ ಭಾರತೀಯ ಮೂಲವನ್ನು ತೋರಿಸಲು ತಂದೆ ಅಥವಾ ತಾಯಿಯ, ಇಲ್ಲವೇ ಅಜ್ಜ ಅಜ್ಜಿಯರ ದಾಖಲೆ ಬೇಕು. ಈಗ ಮುತ್ತಜ್ಜನವರೆಗೂ ಹೋಗಲು ಅವಕಾಶವಿದೆ. ರದ್ದಾದ ಹಳೆಯ ಭಾರತೀಯ ಪಾಸ್‌ಪೋರ್ಟಿನ ಪ್ರತಿ ಇದ್ದರೆ ಬಹುಪಾಲು ಕೆಲಸ ಮುಗಿದಂತೆಯೇ. ಆದ್ದರಿಂದ ಅದನ್ನು ಎಂದಿಗೂ ಎಸೆಯಬಾರದು. ತಂದೆ ತಾಯಿಯರ ವಿವಾಹ ನೋಂದಣಿ ಪತ್ರವನ್ನೂ ಕೇಳುತ್ತಾರೆ. ನಮ್ಮಲ್ಲಿ ಎಷ್ಟೋ ಲಗ್ನಗಳು ಮಠದ ಅಂಗಳದಲ್ಲಿ, ಗುರುಹಿರಿಯರ ಸಮ್ಮುಖದಲ್ಲಿ, ಸಾವಿರ ಜನ ಅಕ್ಕಿಕಾಳು ಹಾಕಿ ನಡೆದಂಥವು. ಆದರೆ ಆ ಸಾವಿರ ಜನರ ಸಾಕ್ಷಿ ನ್ಯೂಯಾರ್ಕಿನ ಕಚೇರಿಗೆ ತಲುಪುವುದಿಲ್ಲ. ಲಗ್ನಪತ್ರಿಕೆ ಮತ್ತು ಛಾಯಾಚಿತ್ರಗಳನ್ನು ಕಾಪಾಡಿಟ್ಟಿದ್ದರೆ, ಮಗ ಸೊಸೆ ಊರಿಗೆ ಬಂದಾಗ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿವಾಹವನ್ನು ನೋಂದಾಯಿಸಿಕೊಳ್ಳಲು ಅವು ಉಪಯೋಗಕ್ಕೆ ಬರುತ್ತವೆ. ಹೊಸದಾಗಿ ಮದುವೆಯಾಗಿ ಮಗಳನ್ನು ಹೊರದೇಶಕ್ಕೆ ಕಳಿಸುವವರು ವಿಮಾನ ಹತ್ತಿಸುವ ಮುನ್ನವೇ ಇದನ್ನು ಮಾಡಿಸುವುದು ಲೇಸು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೆಸರು. ನಮ್ಮ ಕಡೆ ತನ್ನ ಹೆಸರು, ತಂದೆಯ ಹೆಸರು, ಮನೆತನದ ಅಡ್ಡಹೆಸರು ಎಂದು ಮೂರು ಸೇರಿ ಒಂದು ಹೆಸರಾಗುತ್ತದೆ. ಶಾಲೆಯ ದಾಖಲೆಯಲ್ಲಿ ಮೂರೂ ಇದ್ದು, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಉಳಿದಿರುವುದುಂಟು. ಹೀಗೆ ಹೆಸರಿನ ಒಂದು ಭಾಗ ಖಾಲಿಯಿದ್ದವರಿಗೆ ಅಮೆರಿಕದ ವೀಸಾದಲ್ಲಿ 'ಎಫ್‌ಎನ್‌ಯು', ಅಂದರೆ 'ಮೊದಲ ಹೆಸರು ತಿಳಿಯದು' ಎಂದು ಬರೆಯುತ್ತಾರೆ. ಊರಲ್ಲಿ ಮೂರು ತಲೆಮಾರಿನ ಹೆಸರು ಹೊತ್ತವನು ಅಲ್ಲಿ ಹೆಸರಿಲ್ಲದವನಾಗುತ್ತಾನೆ! ಬಸವರಾಜ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು 'ವಿ' ಹಾಕಿ ಬರೆದರೆ ಇನ್ನೊಬ್ಬರು 'ಡಬ್ಲ್ಯೂ' ಹಾಕುತ್ತಾರೆ. ಕೊನೆಗೆ 'ಎ' ಇರಬೇಕೋ ಬೇಡವೋ ಎಂಬುದು ಬರೆಯುವ ಗುಮಾಸ್ತನ ಮರ್ಜಿ. ತಂದೆಯ ಹೆಸರು ಮಗುವಿನ ಜನನಪತ್ರದಲ್ಲಿ ಒಂದು ರೀತಿ, ತಂದೆಯ ಹಳೆಯ ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ ಇದ್ದರೆ ಅರ್ಜಿ ಅಲ್ಲಿಯೇ ನಿಂತೀತು. ಈಗ ಶಾಲೆಗೆ ಸೇರುವ ಮಕ್ಕಳಿಗಾದರೂ ಜನನಪತ್ರ, ಶಾಲೆ, ಆಧಾರ್, ಪಾಸ್‌ಪೋರ್ಟು ನಾಲ್ಕರಲ್ಲೂ ಒಂದೇ ಅಕ್ಷರಕ್ರಮ ಇರುವಂತೆ ಹಿರಿಯರು ನೋಡಿಕೊಳ್ಳಬೇಕೆಂದು ಕೋರುತ್ತೇನೆ.

ಮಗುವಿನ ಅರ್ಜಿಗೆ ತಂದೆ ತಾಯಿ ಇಬ್ಬರ ಸಹಿಯೂ ಬೇಕು. ಸಹಿ ಮಾಡಲು ಬಾರದ ಮಗುವಿನದು ಹೆಬ್ಬೆಟ್ಟಿನ ಗುರುತು. ಮುತ್ತಜ್ಜ ಸೊಸಾಯಿಟಿಯ ಸಾಲದ ಕಾಗದಕ್ಕೆ ಒತ್ತಿದ ಹೆಬ್ಬೆಟ್ಟನ್ನೇ ಅಮೆರಿಕದ ಮರಿಮಗನೂ ಒತ್ತುವುದನ್ನು ನೆನೆದರೆ ನಗು ಬರುತ್ತದೆ. ಅರ್ಜಿ ಕೈಸೇರಲು ವಾರಗಟ್ಟಲೆ ಹಿಡಿಯುವುದರಿಂದ ಶ್ರಾವಣದ ಪ್ರವಾಸಕ್ಕೆ ಯುಗಾದಿಯ ಹೊತ್ತಿಗೇ ಕೈಹಚ್ಚುವುದು ಉಚಿತ.

ಕಾರ್ಡು ಬಂದಮೇಲೂ ಮರೆಯಬಾರದ ಒಂದು ನಿಯಮವಿದೆ. 2021ರಲ್ಲಿ ಇದನ್ನು ಸರಳಗೊಳಿಸಲಾಗಿದೆ. ಇಪ್ಪತ್ತು ವರ್ಷ ತುಂಬುವ ಮೊದಲು ಕಾರ್ಡು ಪಡೆದವರು, ಇಪ್ಪತ್ತರ ನಂತರ ಹೊಸ ಪಾಸ್‌ಪೋರ್ಟು ಮಾಡಿಸಿದಾಗ ಒಮ್ಮೆ ಮಾತ್ರ ಕಾರ್ಡನ್ನು ಮರಳಿ ಮಾಡಿಸಬೇಕು. ಅದಕ್ಕೂ ಮೊದಲು ಮಗುವಿನ ಪಾಸ್‌ಪೋರ್ಟು ಬದಲಾದಾಗಲೆಲ್ಲ ಅದರ ಪ್ರತಿಯನ್ನೂ ಹೊಸ ಭಾವಚಿತ್ರವನ್ನೂ ಮೂರು ತಿಂಗಳೊಳಗೆ ಸರಕಾರದ ಜಾಲತಾಣಕ್ಕೆ ಏರಿಸಿದರೆ ಸಾಕು, ಅದಕ್ಕೆ ಶುಲ್ಕವಿಲ್ಲ. ಹಳೆಯ ಪಾಸ್‌ಪೋರ್ಟನ್ನು ಜೊತೆಗೆ ಹೊತ್ತು ತಿರುಗುವ ಕಟ್ಟಳೆಯನ್ನೂ ಅದೇ ವರ್ಷ ತೆಗೆದುಹಾಕಲಾಯಿತು.

ಹೊಲಮನೆಯ ವಿಷಯ ಪ್ರವೇಶದ ಪ್ರಶ್ನೆಯಲ್ಲವಾದರೂ ಎರೆಭೂಮಿಯ ರೈತರು ತಪ್ಪದೆ ಕೇಳುವುದರಿಂದ ಒಂದೆರಡು ಮಾತು. ಓಸಿಐ ಇರುವವರು ಮನೆ, ನಿವೇಶನ ಕೊಳ್ಳಬಹುದು. ಕೃಷಿಭೂಮಿ, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದ ಹೊಲವನ್ನು ಇಟ್ಟುಕೊಳ್ಳಬಹುದು. ಮಾರುವುದಾದರೆ ಇಲ್ಲಿಯೇ ವಾಸಿಸುವ ಭಾರತದ ಪ್ರಜೆಗೆ ಮಾತ್ರ.

ಪರದೇಶದ ಪಾಸ್‌ಪೋರ್ಟಿನವರನ್ನು ಇಳಿಸಿಕೊಂಡವರಿಗೂ ಒಂದು ಹೊಣೆಯಿದೆ. ಬಹುಕಾಲ 'ಸಿ' ಫಾರ್ಮು ಎಂದು ಕರೆಯಲಾಗುತ್ತಿದ್ದ ಮಾಹಿತಿಯನ್ನು ಇಪ್ಪತ್ನಾಲ್ಕು ತಾಸಿನೊಳಗೆ ಒಪ್ಪಿಸಬೇಕೆಂಬ ನಿಯಮ ಹೋಟೆಲುಗಳಿಗೆ ಮಾತ್ರವಲ್ಲ, ಧರ್ಮಶಾಲೆಗಳಿಗೂ ಅನ್ವಯಿಸುತ್ತದೆ. 2025ರ ಸೆಪ್ಟೆಂಬರ್ 1ರಿಂದ ಹಳೆಯ ಕಾಯ್ದೆಗಳ ಬದಲಿಗೆ ವಲಸೆ ಮತ್ತು ಪರದೇಶೀಯರ ಹೊಸ ಕಾಯ್ದೆ ಜಾರಿಗೆ ಬಂದಿದೆ. ಜಾತ್ರೆಯ ಕಾಲಕ್ಕೆ ಹೊರದೇಶದ ಭಕ್ತರಿಗೆ ಯಾತ್ರಿನಿವಾಸದಲ್ಲಿ ಕೋಣೆ ಕೊಡುವ ಮಠಗಳ ವ್ಯವಸ್ಥಾಪಕರು ಇದನ್ನು ಗಮನಿಸಬೇಕು. ಮನೆಯಲ್ಲಿಯೇ ಇಳಿಸಿಕೊಂಡವರು ಜಿಲ್ಲಾ ಪೊಲೀಸ್ ಅಧೀಕ್ಷಕರ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಕೊಂಡರೆ ನಿಶ್ಚಿಂತೆ.

ಯಾತ್ರೆಯ ಮಾತೊಂದು ಉಳಿಯಿತು. ರಜೆಗೆ ಬಂದ ಮೊಮ್ಮಕ್ಕಳನ್ನು ಕರೆದುಕೊಂಡು ಕಾಶಿ, ಗಯಾ, ಅಲ್ಲಿಂದ ನೇಪಾಳದ ಪಶುಪತಿನಾಥ ಎಂದು ಬಸ್ಸಿನಲ್ಲಿ ಹೊರಡುವ ರೂಢಿ ನಮ್ಮ ಭಾಗದಲ್ಲಿದೆ. ಅಜ್ಜ ಅಜ್ಜಿಗೆ ನೇಪಾಳದ ಗಡಿಯಲ್ಲಿ ಚುನಾವಣಾ ಗುರುತಿನ ಚೀಟಿ ಸಾಕು. ಅಮೆರಿಕದ ಪಾಸ್‌ಪೋರ್ಟಿನ ಮೊಮ್ಮಗ ನೇಪಾಳದ ವೀಸಾ ಪಡೆಯಬೇಕು. ಹೋಗುವುದು ಸುಲಭ, ತಿರುಗಿ ಬರುವಾಗ ತೊಡಕು. ಓಸಿಐ ಇದ್ದರೆ ಚಿಂತೆಯಿಲ್ಲ. ಒಂದೇ ಬಾರಿಯ ಪ್ರವೇಶದ ವೀಸಾದಲ್ಲಿ ಬಂದಿದ್ದರೆ ಗಡಿ ದಾಟಿದೊಡನೆ ಅದು ಮುಗಿಯಿತು. ಇ-ವೀಸಾ ಆಗಿದ್ದರೆ ಗೊತ್ತುಪಡಿಸಿದ ಠಾಣೆಗಳಲ್ಲಿ ಮಾತ್ರ ಒಳಗೆ ಬಿಡುತ್ತಾರೆ. ಬಸ್ಸು ಮರಳುವ ಗಡಿ ಆ ಪಟ್ಟಿಯಲ್ಲಿದೆಯೋ ಇಲ್ಲವೋ ಎಂಬುದನ್ನು ಮುಂಗಡ ಹಣ ಕೊಡುವ ಮುನ್ನವೇ ಪ್ರವಾಸದ ಏಜೆಂಟನಿಂದ ಕೇಳಿ ತಿಳಿಯಬೇಕು. ಸಿಕ್ಕಿಂ, ಅರುಣಾಚಲದ ಕಡೆಗೆ ಹೋಗುವವರಿಗಂತೂ ಓಸಿಐ ಇದ್ದರೂ ಪ್ರತ್ಯೇಕ ಪರವಾನಗಿ ಬೇಕು.