‘ಹ್ಯಾಂಗೋ ಆಗಾಕತ್ತೈತ್ರಿ’ ಎಂಬ ಕಾಯಿಲೆ

ಸಾಂಬ್ರಾ, ಮುತಗಾ, ಬಾಳೇಕುಂದ್ರಿ ಸುತ್ತಿನ ರೋಗಿಗಳಲ್ಲಿ ಅನೇಕರು ವೈದ್ಯರ ಮುಂದೆ ಕುಳಿತು ಮೊದಲು ಹೇಳುವುದು ಜ್ವರವನ್ನಲ್ಲ, ಕೆಮ್ಮನ್ನೂ ಅಲ್ಲ. ‘ಹ್ಯಾಂಗೋ ಆಗಾಕತ್ತೈತ್ರಿ’ ಎನ್ನುತ್ತಾರೆ. ಮನೆಮಾತು ಮರಾಠಿಯಾದವರು ಅದನ್ನೇ ‘ಕಸಂತರೀ ಹೋತಂಯ’ ಎನ್ನುತ್ತಾರೆ. ಏನಾಗುತ್ತಿದೆ ಎಂದು ಬಿಡಿಸಿ ಕೇಳಿದರೆ ಎದೆಯ ಮೇಲೆ ಕೈಯಿಡುತ್ತಾರೆ, ಇಲ್ಲವೇ ಹೊಟ್ಟೆ ತೋರಿಸುತ್ತಾರೆ. ‘ಜೀವಾ ಗಾಬರಿ ಆಗತೈತಿ’ ಎಂದು ಸುಮ್ಮನಾಗುತ್ತಾರೆ.

ಈ ಮಾತನ್ನು ಯಾವ ವೈದ್ಯನೂ ಹಗುರವಾಗಿ ತೆಗೆದುಕೊಳ್ಳಬಾರದು. ಹೃದಯಾಘಾತವು ಕೆಲವೊಮ್ಮೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ, ವಯಸ್ಸಾದವರಲ್ಲಿ ಮತ್ತು ಹೆಂಗಸರಲ್ಲಿ, ಎದೆನೋವಿಲ್ಲದೆ ಬರೀ ಸಂಕಟ, ಬೆವರು, ದಣಿವಿನ ರೂಪದಲ್ಲಿ ಬರಬಹುದು. ರಕ್ತಹೀನತೆ, ಥೈರಾಯಿಡ್ ಗ್ರಂಥಿಯ ಏರುಪೇರು, ರಕ್ತದಲ್ಲಿ ಸಕ್ಕರೆಯ ಅಂಶ ಇಳಿಯುವುದು, ಇವೂ ಗಾಬರಿ ಹುಟ್ಟಿಸುತ್ತವೆ. ಆದ್ದರಿಂದ ಮೊದಲು ಇ.ಸಿ.ಜಿ., ರಕ್ತದೊತ್ತಡ, ರಕ್ತಪರೀಕ್ಷೆ ಆಗಲೇಬೇಕು. ಆದರೆ ಇವೆಲ್ಲವೂ ಸರಿಯಾಗಿದ್ದು, ವಾರ ಕಳೆದ ಮೇಲೆ ಅದೇ ರೋಗಿ ಅದೇ ಮಾತನ್ನು ಹೇಳಿಕೊಂಡು ಮತ್ತೆ ಬಂದರೆ? ಆಗ ನಾವು ದೇಹದ ಕೋಣೆಯಿಂದ ಮನಸ್ಸಿನ ಕೋಣೆಗೆ ಕಾಲಿಡಬೇಕಾಗುತ್ತದೆ. ಅಲ್ಲಿ ನಮ್ಮಲ್ಲಿ ಬಹಳ ಮಂದಿಗೆ ಶಬ್ದಗಳೇ ಸಿಗುವುದಿಲ್ಲ.

ಶಬ್ದ ಸಿಗದ ನೋವು

ಒಂದು ಉದಾಹರಣೆ ನೋಡಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಐವತ್ತು ದಾಟಿದ ರೈತರೊಬ್ಬರಿಗೆ ದಿನಾ ಸಂಜೆ ಎದೆ ಭಾರವಾಗುತ್ತಿತ್ತು. ಪರೀಕ್ಷೆಗಳೆಲ್ಲ ಸರಿಯಿದ್ದವು. ‘ಸಂಜೀಕ ಅಂದ್ರ ಎಷ್ಟಕ್ಕ?’ ಎಂದು ಕೇಳಿದಾಗ ‘ಐದೂವರಿಗೆ’ ಎಂದರು. ತಿಂಗಳ ಹಿಂದೆ ಮಗಳ ಮದುವೆಯಾಗಿತ್ತು. ‘ಚಲೋ ಮನಿ ಸಿಕ್ಕೇತ್ರಿ, ಖುಷಿ ಆಗೇತಿ’ ಎಂದರು. ಮಗಳು ಕಾಲೇಜಿನಿಂದ ಬಸ್ಸಿಳಿದು ಮನೆಗೆ ಬರುತ್ತಿದ್ದ ಹೊತ್ತೂ ಐದೂವರೆಯೇ ಎಂಬುದನ್ನು ಹೇಳಿದವರು ಪಕ್ಕದಲ್ಲಿದ್ದ ಅವರ ಹೆಂಡತಿ. ‘ಇವರಿಗೆ ಬ್ಯಾನಿ ಏನಿಲ್ರಿ. ಹಳಹಳಿ ಹತ್ತೇತಿ’ ಎಂದರು ಆಕೆ. ಆ ಶಬ್ದ ಕೇಳಿದ ಮೇಲೆ ಅವರು ತಲೆ ತಗ್ಗಿಸಿ ಬಹಳ ಹೊತ್ತು ಕುಳಿತರು. ಎದೆಭಾರ ಆ ದಿನವೇ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಆದರೆ ಮತ್ತೊಂದು ಇ.ಸಿ.ಜಿ.ಗಾಗಿ ಬೇರೆ ಬೇರೆ ಆಸ್ಪತ್ರೆ ತಿರುಗುವುದು ತಪ್ಪಿತು.

ತನ್ನ ಭಾವನೆಗೆ ಶಬ್ದ ಕಾಣದ ಈ ಸ್ಥಿತಿಗೆ ಅಮೆರಿಕದ ಮನೋವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದ ಆರಂಭದಲ್ಲಿ ‘ಅಲೆಕ್ಸಿಥೈಮಿಯಾ’ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಈ ಪದಕ್ಕೆ ‘ಭಾವನೆಗೆ ಮಾತಿಲ್ಲ’ ಎಂದೇ ಅರ್ಥ. ಬಾಯಿ ಹೇಳದ್ದನ್ನು ಮೈ ಹೇಳುತ್ತದೆ.

ಭಾವನಾತ್ಮಕ ಬುದ್ಧಿಮತ್ತೆ ಎಂದರೇನು?

ಈ ಹೆಸರನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. 1990ರಲ್ಲಿ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಎಂಬ ಇಬ್ಬರು ಅಮೆರಿಕದ ಮನೋವಿಜ್ಞಾನಿಗಳು ಈ ಬಗ್ಗೆ ಶಾಸ್ತ್ರೀಯ ಲೇಖನ ಪ್ರಕಟಿಸಿದರು. 1995ರಲ್ಲಿ ಡೇನಿಯಲ್ ಗೋಲ್‌ಮನ್ ಬರೆದ ಪುಸ್ತಕ ಅದನ್ನು ಮನೆಮಾತಾಗಿಸಿತು. ಸರಳವಾಗಿ ಹೇಳುವುದಾದರೆ ಇದರಲ್ಲಿ ನಾಲ್ಕು ಕೆಲಸಗಳಿವೆ: ತನ್ನಲ್ಲೂ ಇತರರಲ್ಲೂ ಏಳುವ ಭಾವನೆಯನ್ನು ಗುರುತಿಸುವುದು, ಅದನ್ನು ವಿಚಾರಕ್ಕೆ ಸಹಾಯಕವಾಗಿ ಬಳಸುವುದು, ಅದು ಎಲ್ಲಿಂದ ಬಂತು, ಎತ್ತ ಹೊರಟಿದೆ ಎಂದು ತಿಳಿಯುವುದು, ಅದನ್ನು ಹದವಾಗಿ ನಿಭಾಯಿಸುವುದು.

ಇಲ್ಲೊಂದು ಎಚ್ಚರಿಕೆಯೂ ಬೇಕು. ಜೀವನದ ಯಶಸ್ಸಿನಲ್ಲಿ ಶೇಕಡಾ 80 ಪಾಲು ಭಾವನಾತ್ಮಕ ಬುದ್ಧಿಮತ್ತೆಯದು ಎಂದು ಶಿಬಿರ ನಡೆಸುವವರು ಹೇಳುವುದುಂಟು. ಗೋಲ್‌ಮನ್ ಬರೆದದ್ದು ಹಾಗಲ್ಲ. ಬುದ್ಧಿಯ ಅಂಕ ಹೆಚ್ಚೆಂದರೆ ಶೇಕಡಾ 20ರಷ್ಟನ್ನು ವಿವರಿಸುತ್ತದೆ, ಉಳಿದದ್ದಕ್ಕೆ ಬೇರೆ ಬೇರೆ ಕಾರಣಗಳಿವೆ ಎಂದು ಅವರು ಬರೆದಿದ್ದರು. ಆ ಕಾರಣಗಳಲ್ಲಿ ಹುಟ್ಟಿದ ಮನೆಯ ಅನುಕೂಲವೂ ಅದೃಷ್ಟವೂ ಸೇರುತ್ತವೆ. ಆದ್ದರಿಂದ ಇದನ್ನು ಯಶಸ್ಸಿನ ಮಂತ್ರವೆಂದು ಮಾರುವವರಿಂದ ದೂರವಿರಿ. ಒಬ್ಬ ಸಾಮಾನ್ಯ ವೈದ್ಯನಾಗಿ ನನಗೆ ಇದು ಮುಖ್ಯವಾಗಿ ಕಾಣುವುದು ಆರೋಗ್ಯದ ದೃಷ್ಟಿಯಿಂದ.

ಸಿಟ್ಟು ಎಲ್ಲಿಗೆ ಹೋಗುತ್ತದೆ?

ಸಿಟ್ಟು ಬಂದಾಗ ಮೆದುಳಿನ ಒಳಭಾಗದಲ್ಲಿರುವ, ಬಾದಾಮಿಯಾಕಾರದ ‘ಅಮಿಗ್ಡಲ’ ಎಂಬ ಭಾಗ ಅಪಾಯದ ಗಂಟೆ ಬಾರಿಸುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ನಾಡಿ ಓಡುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಹಣೆಯ ಹಿಂದಿರುವ, ಯೋಚಿಸಿ ತೀರ್ಮಾನಿಸುವ ಭಾಗಕ್ಕೆ ಆ ಗಳಿಗೆಯಲ್ಲಿ ಹಿಡಿತ ಸಡಿಲುತ್ತದೆ. ಈ ಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸಿನವರೆಗೂ ಕಾಲ ಬೇಕು. ಹದಿನಾರರ ಹುಡುಗನಿಂದ ಐವತ್ತರ ಸಂಯಮವನ್ನು ನಿರೀಕ್ಷಿಸುವ ತಂದೆತಾಯಿಗಳು ಇದನ್ನು ನೆನಪಿಡಬೇಕು.

1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 1,600ಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳನ್ನು ಮಾತನಾಡಿಸಲಾಯಿತು. ತೀವ್ರ ಸಿಟ್ಟು ಬಂದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಸಂಭವ ಎರಡು ಪಟ್ಟಿಗಿಂತ ಹೆಚ್ಚಿತ್ತು. ಆರೋಗ್ಯವಂತರಲ್ಲಿ ಈ ಸಂಭವ ಮೊದಲೇ ಬಹಳ ಕಡಿಮೆ, ಹೆದರಬೇಕಿಲ್ಲ. ಆದರೆ ಈಗಾಗಲೇ ಬಿ.ಪಿ., ಸಕ್ಕರೆ, ಬೀಡಿ ಮೂರೂ ಇರುವವರಿಗೆ ಈ ಮಾತು ಅನ್ವಯಿಸುತ್ತದೆ. 2004ರಲ್ಲಿ 52 ದೇಶಗಳಿಂದ ಹೊರಬಂದ ‘ಇಂಟರ್‌ಹಾರ್ಟ್’ ಅಧ್ಯಯನವೂ ಹೃದಯಾಘಾತದ ಪ್ರಮುಖ ಕಾರಣಗಳ ಪಟ್ಟಿಯಲ್ಲಿ ತಂಬಾಕು, ರಕ್ತದೊತ್ತಡಗಳ ಜೊತೆಗೆ ಮಾನಸಿಕ ಒತ್ತಡವನ್ನು ಸೇರಿಸಿತು.

ಹಾಗಾದರೆ ಸಿಟ್ಟನ್ನು ನುಂಗಬೇಕೇ? ಅದೂ ಅಲ್ಲ. ನುಂಗಿದ ಸಿಟ್ಟು ತಲೆನೋವಾಗಿ, ನಿದ್ರೆಗೇಡಾಗಿ ಹೊರಬರುವುದನ್ನು, ಕೆಲವರಲ್ಲಿ ಸಂಜೆಯ ಬಾಟಲಿಯ ಕಡೆಗೆ ಕೈ ಹಿಡಿದು ಒಯ್ಯುವುದನ್ನು ನಾವು ದಿನಾ ನೋಡುತ್ತೇವೆ. ಉಗುಳುವುದೂ ನುಂಗುವುದೂ ಅಲ್ಲದ ಮೂರನೆಯ ದಾರಿಯೊಂದಿದೆ. ಅದು ಹೆಸರಿಡುವುದು. 2007ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರು ಮೆದುಳಿನ ಚಿತ್ರ ತೆಗೆಯುತ್ತಾ, ಸಿಟ್ಟು ಅಥವಾ ಭಯ ತುಂಬಿದ ಮುಖಗಳನ್ನು ಜನರಿಗೆ ತೋರಿಸಿದರು. ಆ ಭಾವನೆಗೆ ಸರಿಯಾದ ಶಬ್ದವನ್ನು ಆರಿಸಿದಾಗ ಅಮಿಗ್ಡಲದ ಆರ್ಭಟ ತಗ್ಗಿದ್ದು ಕಂಡಿತು. ಹೆಸರು ಹಿಡಿದು ಕರೆದರೆ ಭೂತ ಅರ್ಧ ಇಳಿದಂತೆ ಎನ್ನೋಣ.

ನಮ್ಮ ಮಾತಿನಲ್ಲಿ ಇದಕ್ಕೆ ಕೊರತೆಯಿಲ್ಲ. ಅಂಜಿಕೆ, ಅಳುಕು, ಕಳವಳ, ಬ್ಯಾಸರ, ಹಳಹಳಿ, ಮುನಿಸು, ನಾಚಿಕೆ, ಅಪಮಾನ, ಹೊಟ್ಟೆಕಿಚ್ಚು, ಮರುಕ, ಕಕ್ಕುಲಾತಿ, ಹುರುಪು. ಒಂದಕ್ಕಿಂತ ಒಂದು ಬೇರೆ. ಅಂಜಿಕೆಗೆ ಬೇಕಾದ್ದು ಧೈರ್ಯದ ಮಾತು, ಅಪಮಾನಕ್ಕೆ ಬೇಕಾದ್ದು ನ್ಯಾಯ. ಎರಡನ್ನೂ ‘ಟೆನ್ಷನ್’ ಎಂಬ ಒಂದೇ ಶಬ್ದದಲ್ಲಿ ಕಟ್ಟಿಟ್ಟರೆ ಮದ್ದು ಹೇಗೆ ಸಿಕ್ಕೀತು?

ತಾಳ್ಮೆಯ ಪಾಠ ಯಾರಿಗೆ?

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಭಾವನೆಗಳನ್ನೂ ಆಸ್ತಿಯಂತೆ ಪಾಲು ಮಾಡಿಟ್ಟಿದ್ದೇವೆ. ಗಂಡಸಿಗೆ ಸಿಟ್ಟು, ಹೆಂಗಸಿಗೆ ಅಳು, ಸೊಸೆಗೆ ತಾಳ್ಮೆ, ಮಕ್ಕಳಿಗೆ ಅಂಜಿಕೆ. ಯಜಮಾನ ತಾಟು ಎಸೆದರೆ ‘ಅವನ ಸ್ವಭಾವನ ಹಂಗ’ ಎಂದು ಬಿಡುತ್ತೇವೆ. ಸೊಸೆ ಒಂದು ಮಾತು ಎದುರಾಡಿದರೆ ‘ಸಂಸ್ಕಾರ ಇಲ್ಲ’ ಎನ್ನುತ್ತೇವೆ. ಹುಡುಗ ಅತ್ತರೆ ‘ಹೆಣ್ಣಿನಂಗ ಅಳಬ್ಯಾಡ’ ಎಂದು ಗದರುತ್ತೇವೆ. ಆ ಹುಡುಗ ದೊಡ್ಡವನಾದ ಮೇಲೆ ಅವನಿಗೆ ದುಃಖವಾದರೂ ಸಿಟ್ಟು ಬರುತ್ತದೆ, ಹೆದರಿಕೆಯಾದರೂ ಸಿಟ್ಟು ಬರುತ್ತದೆ, ನಾಚಿಕೆಯಾದರೂ ಸಿಟ್ಟೇ ಬರುತ್ತದೆ. ಅವನಿಗೆ ನಾವು ಕಲಿಸಿದ್ದು ಅದೊಂದೇ.

ಸಾಂಬ್ರಾ ವಿಮಾನ ನಿಲ್ದಾಣದ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ದೂರದ ಊರಿಗೆ ಕೆಲಸಕ್ಕೆ ಹೊರಟ ಮಗನನ್ನು ಕಳಿಸಲು ಬಂದ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ತಂದೆ ಮಾತ್ರ ‘ಟಿಕೀಟ ತಗೊಂಡಿಯಿಲ್ಲ? ಚಾರ್ಜರ ತಗೊಂಡಿಯಿಲ್ಲ?’ ಎಂದು ನಾಲ್ಕು ಸಲ ಕೇಳುತ್ತಾನೆ. ಅದು ಅವನ ಅಳು. ಮಗನಿಗೆ ಅದು ತಿಳಿದರೆ ಚೆನ್ನ. ‘ಎಷ್ಟು ಸಲಾ ಕೇಳ್ತೀಯಪ್ಪಾ’ ಎಂದು ಅವನು ರೇಗಿದರೆ ಇಬ್ಬರೂ ಸಿಟ್ಟಿನಲ್ಲೇ ಬೇರೆಯಾಗುತ್ತಾರೆ. ಇದೇ ಸಾಂಬ್ರಾದಲ್ಲಿ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆಯೂ ಇದೆ. ಮನೆ ಬಿಟ್ಟು ಬಂದ ಹದಿನೆಂಟು, ಇಪ್ಪತ್ತರ ವಯಸ್ಸಿನವರು ಅಲ್ಲಿ ಕವಾಯತು ಕಲಿಯುತ್ತಾರೆ. 2023ರಲ್ಲಿ ಅಗ್ನಿವೀರವಾಯು ಯುವತಿಯರೂ ಅಲ್ಲಿಂದ ತರಬೇತಿ ಮುಗಿಸಿ ಹೊರಬಂದರು. ಸಮವಸ್ತ್ರ ತೊಟ್ಟವರಿಗೂ ಊರು ನೆನಪಾಗುತ್ತದೆ. ಶಿಸ್ತು ಎಂದರೆ ಭಾವನೆ ಇಲ್ಲದಿರುವುದಲ್ಲ, ಭಾವನೆ ಇದ್ದೂ ಹೆಜ್ಜೆ ತಪ್ಪದಿರುವುದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಭಾವನಾತ್ಮಕ ಬುದ್ಧಿಮತ್ತೆಯ ಪಾಠ ಮನೆಯಲ್ಲಿ ಯಾರ ಮಾತು ನಡೆಯುತ್ತದೆಯೋ ಅವರಿಂದ ಆರಂಭವಾಗಬೇಕು. ಅಪ್ಪ, ಅತ್ತೆ, ಮೇಷ್ಟರು, ಸಾಹೇಬರು ಮೊದಲು ಕಲಿಯಲಿ. ಹೊಡೆಸಿಕೊಳ್ಳುವವಳಿಗೆ ‘ಸಹನೆ ಬೆಳೆಸಿಕೋ’ ಎನ್ನುವುದು ಆರೋಗ್ಯದ ಸಲಹೆಯಲ್ಲ, ಅದು ಅನ್ಯಾಯ. ಹೊಡೆತ ಬಡಿತ ಸಂಸಾರದ ಗುಟ್ಟೂ ಅಲ್ಲ. ಅದಕ್ಕೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಿದೆ, ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿಗಳಿವೆ.

ಶಾಲೆಯಲ್ಲಿ ಕಲಿಸಬಹುದೇ?

ಖಂಡಿತ ಕಲಿಸಬಹುದು. 2011ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 213 ಶಾಲಾ ಕಾರ್ಯಕ್ರಮಗಳ, 2,70,000ಕ್ಕೂ ಮಿಕ್ಕ ವಿದ್ಯಾರ್ಥಿಗಳ ವಿವರವನ್ನು ಒಟ್ಟುಗೂಡಿಸಿತು. ಭಾವನೆ ನಿಭಾಯಿಸುವುದನ್ನು ಕಲಿತ ಮಕ್ಕಳ ನಡತೆ ಸುಧಾರಿಸಿತು. ಓದಿನಲ್ಲೂ, ನೂರು ಮಂದಿಯ ಸಾಲಿನಲ್ಲಿ 50ನೆಯವನನ್ನು 61ರ ಮಟ್ಟಕ್ಕೆ ಏರಿಸಿದಷ್ಟು ಪ್ರಗತಿ ಕಂಡಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಶಾಲೆಗಳಿಗಾಗಿ ಜೀವನ ಕೌಶಲ ಶಿಕ್ಷಣವನ್ನು ರೂಪಿಸಿದೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ‘ಎಷ್ಟು ಬಿತ್ತು?’ ಎಂದು ಕೇಳುವ ಮೊದಲು ‘ಹ್ಯಾಂಗ ಅನಸಾಕತ್ತೈತಿ?’ ಎಂದು ಕೇಳುವ ಒಬ್ಬ ಹಿರಿಯರು ಪ್ರತಿ ಮನೆಯಲ್ಲಿದ್ದರೆ ಎಷ್ಟೋ ಮಕ್ಕಳ ಜೀವ ಉಳಿದೀತು. 2022ರಲ್ಲಿ ನಮ್ಮ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿ ಹೇಳುತ್ತದೆ.

ರೂಢಿಸಿಕೊಳ್ಳುವುದು ಹೇಗೆ?

1. ಸಿಟ್ಟು ಬಂದ ಕೂಡಲೇ ಮಾತು ನಿಲ್ಲಿಸಿ. ನಿಧಾನವಾಗಿ ಉಸಿರೆಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡಿ. ಹೀಗೆ ಹತ್ತು ಸಲ ಮಾಡಿ. ನಾಡಿ ಇಳಿಯುವುದು ನಿಮಗೇ ತಿಳಿಯುತ್ತದೆ.

2. ಒಳಗಿರುವುದಕ್ಕೆ ಸರಿಯಾದ ಹೆಸರು ಹುಡುಕಿ. ‘ತಲಿ ಕೆಟ್ಟೈತಿ’ ಎಂದಷ್ಟೇ ಬಿಡಬೇಡಿ. ಅಂಜಿಕೆಯೋ, ಅಪಮಾನವೋ, ಬರೀ ಹಸಿವು ನಿದ್ದೆಗೇಡೋ? ಹೊಟ್ಟೆ ಹಸಿದವನ ಸಿಟ್ಟಿಗೆ ರೊಟ್ಟಿಯೇ ಮದ್ದು.

3. ‘ನಿನಗ ಬುದ್ಧಿ ಇಲ್ಲ’ ಎನ್ನುವ ಬದಲು ‘ನೀ ತಡಾ ಮಾಡಿದ್ರ ನನಗ ಅಂಜಿಕಿ ಆಗತೈತಿ’ ಎಂದು ಹೇಳಿ. ಮೊದಲನೆಯದು ಜಗಳ ತೆಗೆಯುತ್ತದೆ, ಎರಡನೆಯದು ಉತ್ತರ ತರುತ್ತದೆ.

4. ಇನ್ನೊಬ್ಬರು ದುಃಖ ಹೇಳಿಕೊಳ್ಳುವಾಗ ಉಪದೇಶಕ್ಕೆ ಇಳಿಯಬೇಡಿ. ಐದು ನಿಮಿಷ ನಡುವೆ ಬಾಯಿ ಹಾಕದೆ ಕೇಳುವುದು ಅರ್ಧ ಚಿಕಿತ್ಸೆ.

5. ಮಕ್ಕಳ ಮುಂದೆ ತಪ್ಪಾದರೆ ಮಕ್ಕಳ ಮುಂದೆಯೇ ಒಪ್ಪಿಕೊಳ್ಳಿ. ಅದರಿಂದ ನಿಮ್ಮ ಮರ್ಯಾದೆ ಕಡಿಮೆಯಾಗುವುದಿಲ್ಲ.

ವೈದ್ಯರ ಬಳಿ ಯಾವಾಗ?

ಎರಡು ವಾರಕ್ಕೂ ಮಿಕ್ಕಿ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಕುಡಿತ ಹೆಚ್ಚಿದ್ದರೆ, ‘ನಾನಿದ್ದು ಏನು ಉಪಯೋಗ’ ಎಂಬ ಮಾತು ಬರುತ್ತಿದ್ದರೆ ಅದು ಸ್ವಭಾವವಲ್ಲ, ಕಾಯಿಲೆ. ಉಸಿರಾಟದ ಅಭ್ಯಾಸ ಅದಕ್ಕೆ ಸಾಲದು. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ‘ಟೆಲಿ ಮಾನಸ್’ ಸಹಾಯವಾಣಿಗೆ, 14416ಕ್ಕೆ, ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇಂದು ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಟಿ.ವಿ.ಯನ್ನೂ ಮೊಬೈಲನ್ನೂ ಬಂದ್ ಮಾಡಿ. ದಿನದಲ್ಲಿ ಒಂದು ಗಳಿಗೆ ಮನಸ್ಸಿಗೆ ಹೇಗೆನಿಸಿತು ಎಂಬುದನ್ನು ಪ್ರತಿಯೊಬ್ಬರೂ ಒಂದೊಂದು ಮಾತಿನಲ್ಲಿ ಹೇಳಲಿ. ಮೊದಲ ಸರದಿ ಮನೆಯ ಹಿರಿಯರದಾಗಲಿ.