ಅನುಪಾತ ನೋಡಿ ಕೈಬಿಡಬೇಡಿ

ಮೆದುಳಿನಲ್ಲಿ ರಕ್ತಸ್ರಾವವಾಗಿ ಐಸಿಯು ಸೇರಿದವರ ವಿಚಾರದಲ್ಲಿ ಒಂದು ಸಂಖ್ಯೆಗೆ ಈಗ ವಿಪರೀತ ಬೆಲೆ ಬಂದಿದೆ. ರಕ್ತದಲ್ಲಿರುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳನ್ನು ಇನ್ನೊಂದು ಬಗೆಯ ಬಿಳಿ ಕಣಗಳಾದ ಲಿಂಫೋಸೈಟ್‌ಗಳಿಂದ ಭಾಗಿಸಿದರೆ ಸಿಗುವ ಅನುಪಾತ ಅದು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 1ರಿಂದ 3ರ ಆಸುಪಾಸು ಇರುತ್ತದೆ. ಅದು ಏರಿದಷ್ಟೂ ನ್ಯುಮೋನಿಯಾ, ಮೆದುಳಿನ ಊತ, ಸಾವು ಹೆಚ್ಚು ಎಂದು ಅನೇಕ ಅಧ್ಯಯನಗಳು ಹೇಳಿವೆ. ಅದನ್ನು ಅಳೆಯಲು ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲೂ ಆಗುವ, ರಕ್ತಕಣ ಎಣಿಸುವ ಸಿಬಿಸಿ ಪರೀಕ್ಷೆ ಸಾಕು. ಹೀಗಾಗಿ ಯಾರು ಬದುಕುತ್ತಾರೆ, ಯಾರು ಇಲ್ಲ ಎಂದು ಇದರಿಂದಲೇ ಅಳೆಯುವ ಉತ್ಸಾಹ ಬೆಳೆದಿದೆ. ನನ್ನ ತಕರಾರು ಆ ಉತ್ಸಾಹದ ಮೇಲೆ.

ಸಂಖ್ಯೆ ಸುಳ್ಳಲ್ಲ. ರಕ್ತಸ್ರಾವದ ಆಘಾತಕ್ಕೆ ದೇಹದಲ್ಲಿ ಕಾರ್ಟಿಸೋಲ್, ಅಡ್ರಿನಲಿನ್ ಉಕ್ಕುತ್ತವೆ. ನ್ಯೂಟ್ರೋಫಿಲ್ ಏರುತ್ತದೆ, ಲಿಂಫೋಸೈಟ್ ಕುಸಿಯುತ್ತದೆ, ಸೋಂಕನ್ನು ತಡೆಯುವ ಶಕ್ತಿ ಕುಂದುತ್ತದೆ. ಆದರೆ ಅನುಪಾತ ಏರಲು ಕಾರಣ ಇದೊಂದೇ ಅಲ್ಲ. ರೋಗಿಗೆ ಮೊದಲೇ ಸೋಂಕಿದ್ದರೂ ಏರುತ್ತದೆ, ಸ್ಟಿರಾಯ್ಡ್ ಕೊಟ್ಟರೂ ಏರುತ್ತದೆ. ಮೆದುಳಿನ ರಕ್ತಸ್ರಾವಕ್ಕೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಕೊಟ್ಟರೆ ಲಾಭವಿಲ್ಲ, ತೊಂದರೆಯೇ ಹೆಚ್ಚು ಎಂದು ಥಾಯ್ಲೆಂಡಿನ ವೈದ್ಯರು 1987ರಲ್ಲೇ ತೋರಿಸಿದ್ದರು. ಆ ಮದ್ದು ಕೊಟ್ಟು, ಆಮೇಲೆ ಏರಿದ ಅನುಪಾತ ನೋಡಿ ರೋಗಿಯ ಹಣೆಬರಹ ಹೇಳುವುದು ಯಾವ ನ್ಯಾಯ? ಎಷ್ಟಕ್ಕೆ ಏರಿದರೆ ಅಪಾಯ ಎಂಬುದರಲ್ಲೂ ಅಧ್ಯಯನಗಳಿಗೆ ಒಮ್ಮತವಿಲ್ಲ.

ನಿಜವಾದ ಅಪಾಯ ಇನ್ನೊಂದಿದೆ. "ಉಳಿಯೋದು ಕಷ್ಟ" ಎಂದು ಮೊದಲ ದಿನವೇ ನಿರ್ಧರಿಸಿ ಚಿಕಿತ್ಸೆ ಸಡಿಲಿಸಿದರೆ ರೋಗಿ ಸಾಯುತ್ತಾರೆ. ಆ ಸಾವೇ ಊಹೆಗೆ ಪುರಾವೆಯಾಗಿ ಲೆಕ್ಕಕ್ಕೆ ಸೇರುತ್ತದೆ. ಈ ವಿಷವರ್ತುಲದ ಬಗ್ಗೆ ನರತಜ್ಞರು 2001ರಲ್ಲೇ ಎಚ್ಚರಿಸಿದ್ದರು. ರೋಗಿ ತನ್ನ ಇಚ್ಛೆಯನ್ನು ಮೊದಲೇ ತಿಳಿಸಿರದಿದ್ದರೆ, ಚಿಕಿತ್ಸೆ ಮಿತಗೊಳಿಸುವ ತೀರ್ಮಾನವನ್ನು ಕನಿಷ್ಠ ಎರಡನೆಯ ಪೂರ್ಣ ದಿನದವರೆಗಾದರೂ ಮುಂದೂಡಿ ಎನ್ನುತ್ತದೆ ಅಮೆರಿಕದ ಹೃದ್ರೋಗ ಸಂಘದ 2022ರ ಮಾರ್ಗಸೂಚಿ. ಸಾಲ ಮಾಡಿ ಐಸಿಯು ಬಿಲ್ ಕಟ್ಟುವ ನಮ್ಮ ಕುಟುಂಬಗಳಿಗೆ ಈ ಮಾತು ಇನ್ನಷ್ಟು ಮುಖ್ಯ. ವೈದ್ಯರು ತೋರಿಸುವ ಒಂದು ಕೆಟ್ಟ ಸಂಖ್ಯೆ ಸಾಕು, ಕುಟುಂಬದವರು ರೋಗಿಯನ್ನು ಮನೆಗೆ ಕರೆದೊಯ್ಯಲು.

ಇನ್ನು ಕೆಲವರು ಅನುಪಾತ ಏರಿದ ಕೂಡಲೇ ಆಂಟಿಬಯಾಟಿಕ್ ಶುರು ಮಾಡಿ ಎನ್ನುತ್ತಾರೆ. ಪಾರ್ಶ್ವವಾಯು ರೋಗಿಗಳಿಗೆ ಮುಂಜಾಗ್ರತೆಯಾಗಿ ಆಂಟಿಬಯಾಟಿಕ್ ಕೊಟ್ಟು ನೋಡಿದ ನೆದರ್ಲೆಂಡ್ಸ್ ಮತ್ತು ಬ್ರಿಟನ್ನಿನ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2015ರಲ್ಲಿ ಬಂತು. ನ್ಯುಮೋನಿಯಾ ತಗ್ಗಲಿಲ್ಲ, ಚೇತರಿಕೆಯೂ ಹೆಚ್ಚಲಿಲ್ಲ.

ಫಲ ಕೊಟ್ಟದ್ದು ಬೇರೆಯೇ. ಭಾರತವೂ ಸೇರಿ ಹತ್ತು ದೇಶಗಳ 7,000ಕ್ಕೂ ಹೆಚ್ಚು ಮೆದುಳಿನ ರಕ್ತಸ್ರಾವದ ರೋಗಿಗಳಲ್ಲಿ ನಡೆದ ಇಂಟರಾಕ್ಟ್-3 ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಬಿಪಿಯನ್ನು ಬೇಗ ಇಳಿಸುವುದು, ಸಕ್ಕರೆ ಮತ್ತು ಜ್ವರ ಹತೋಟಿಯಲ್ಲಿಡುವುದು, ರಕ್ತ ತೆಳುವಾಗಿಸುವ ಮಾತ್ರೆ ನುಂಗಿದ್ದವರಲ್ಲಿ ಅದರ ಪರಿಣಾಮ ಅಳಿಸುವುದು: ಇವಿಷ್ಟನ್ನು ಒಟ್ಟಿಗೆ ಮಾಡಿದಾಗ ಸಾವೂ ಅಂಗವೈಕಲ್ಯವೂ ಕಡಿಮೆಯಾದವು. ಹೆಚ್ಚಿನ ರೋಗಿಗಳು ಬಡ ಹಾಗೂ ಮಧ್ಯಮ ಆದಾಯದ ದೇಶಗಳವರೇ.

ಹಾಗಾಗಿ ಅನುಪಾತವನ್ನು ಅಳೆಯಲಿ, ಬೇಡ ಎನ್ನುವುದಿಲ್ಲ. ಏರಿದ್ದರೆ ಆ ಹಾಸಿಗೆಗೆ ನರ್ಸ್ ಹೆಚ್ಚು ಸಲ ಹೋಗಲಿ. ನುಂಗುವ ಶಕ್ತಿ ಪರೀಕ್ಷಿಸದೆ ಬಾಯಿಗೆ ಒಂದು ಗುಟುಕು ನೀರೂ ಹಾಕದಿರಲಿ, ಬಾಯಿ ಸ್ವಚ್ಛವಾಗಿರಲಿ, ಜ್ವರವನ್ನು ಬರೆದಿಡಲಿ. ಚಿಕಿತ್ಸೆ ಕಡಿಮೆ ಮಾಡಲು ಈ ಸಂಖ್ಯೆಯನ್ನು ಕಾರಣವಾಗಿ ಕೇಸ್ ಶೀಟಿನಲ್ಲಿ ಬರೆಯಕೂಡದು ಎಂದು ಆರೋಗ್ಯ ಇಲಾಖೆ ಲಿಖಿತ ಸೂಚನೆ ಹೊರಡಿಸಬೇಕು.